ಫೋರ್‌ಟ್ರಾನಿನಲ್ಲಿ ಕಡತದ ವಿಳಾಸ

ಘಾಟ್ಕೋಪರಿನ ದಕ್ಷಿಣಕ್ಕೆ ಟ್ರಾಂಬೆ, ಉತ್ತರಕ್ಕೆ ಪವಾಯಿ, ದ್ವೀಪದ ತೆಂಕಣ ತುದಿಯಲ್ಲಿ ಕೊಲಾಬಾ. ಮುಂಬಯಿಯ ವೈಜ್ಞಾನಿಕ ಗಣನೆಯ ಇತಿಹಾಸವು ಬಹುಮಟ್ಟಿಗೆ ಈ ಮೂರು ಸ್ಥಳಗಳ ಇತಿಹಾಸವೇ ಆಗಿದೆ. ಆ ಇತಿಹಾಸವನ್ನು ಬರೆಯುವವರು ಯಂತ್ರಗಳ ವೇಗವನ್ನೂ ಗಾತ್ರವನ್ನೂ ವರ್ಣಿಸುವುದುಂಟು. ಆದರೆ ಲೆಕ್ಕಕ್ಕೆ ಬೇಕಾದ ಅಂಕಿಗಳು ಯಂತ್ರದೊಳಕ್ಕೆ ಎಲ್ಲಿಂದ ಬರಬೇಕು, ಫಲಿತಾಂಶವು ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರು, ಎಲ್ಲಿ ನಿರ್ಧರಿಸುತ್ತಿದ್ದರೆಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಹಳೆಯ ಕ್ರಮವಿಧಿಯೊಂದು ಇಂದು ಮರಳಿ ಉಪಯೋಗಕ್ಕೆ ಬರುವುದೋ ಇಲ್ಲವೋ ಎಂಬುದು ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ನಿರ್ಮಿತವಾದ ಗಣಕವು 1960ರಲ್ಲಿ ಕಾರ್ಯಾರಂಭ ಮಾಡಿತು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂಬ ಹೆಸರಾಯಿತು. 1964ರಲ್ಲಿ ಅದೇ ಸಂಸ್ಥೆಗೆ ಅಮೆರಿಕದ ಕಂಟ್ರೋಲ್ ಡೇಟಾ ಕಂಪೆನಿಯ 3600 ಎಂಬ ದೊಡ್ಡ ಗಣಕ ಬಂದಿತು. ಅದರೊಡನೆ ಫೋರ್‌ಟ್ರಾನ್ ಭಾಷೆಯು ಮುಂಬಯಿಯ ವಿಜ್ಞಾನಿಗಳ ದಿನಬಳಕೆಗೆ ಬಂದಿತೆನ್ನಬಹುದು.

ಜಾನ್ ಬ್ಯಾಕಸ್ ಮತ್ತು ಅವರ ಸಹೋದ್ಯೋಗಿಗಳು 1957ರಲ್ಲಿ ಐಬಿಎಂ 704 ಗಣಕಕ್ಕಾಗಿ ಹೊರತಂದ ಮೊದಲ ಫೋರ್‌ಟ್ರಾನಿನಲ್ಲಿ ಸಾಧನದ ಹೆಸರು ಆಜ್ಞೆಯಲ್ಲಿಯೇ ಸೇರಿತ್ತು. ಟೇಪನ್ನು ಓದುವುದಕ್ಕೆ ಒಂದು ಆಜ್ಞೆ, ಡ್ರಮ್ಮನ್ನು ಓದುವುದಕ್ಕೆ ಬೇರೊಂದು, ಕಾರ್ಡಿಗೆ ರಂಧ್ರ ಹಾಕುವುದಕ್ಕೆ ಇನ್ನೊಂದು. ಮುಂದಿನ ಆವೃತ್ತಿಗಳಲ್ಲಿ ಇವೆಲ್ಲ ರೀಡ್ ಮತ್ತು ರೈಟ್ ಎಂಬ ಎರಡು ಆಜ್ಞೆಗಳಲ್ಲಿ ಅಡಕವಾಗಿ, ಸಾಧನದ ಸ್ಥಾನದಲ್ಲಿ ಒಂದು ಸಂಖ್ಯೆ ಮಾತ್ರ ನಿಂತಿತು. ಲಾಭವು ಸ್ಪಷ್ಟ: ಸಾಧನ ಬದಲಾದರೂ ಆಜ್ಞೆ ಬದಲಾಗಬೇಕಿಲ್ಲ. ನಷ್ಟವು ತಡವಾಗಿ ಕಾಣಿಸಿತು.

ಆ ಸಂಖ್ಯೆಗೆ ಸ್ವತಃ ಅರ್ಥವಿರಲಿಲ್ಲ. 3600ರಲ್ಲಿ 60 ಎಂದರೆ ಕಾರ್ಡಿನ ಆದಾನ, 61 ಎಂದರೆ ಮುದ್ರಣ, 62 ಎಂದರೆ ರಂಧ್ರಯಂತ್ರ. ಐಬಿಎಂ ಯಂತ್ರಗಳಲ್ಲಿ ಇವೇ ಕೆಲಸಗಳಿಗೆ 5, 6, 7 ರೂಢಿಯಾಗಿದ್ದವು. ಉಳಿದ ಸಂಖ್ಯೆಗಳು ಯಾವ ಟೇಪಿಗೆ ಸೇರಿದವೆಂಬುದನ್ನು ಇಕ್ವಿಪ್ ಎಂಬ ನಿಯಂತ್ರಣ ಕಾರ್ಡಿನಲ್ಲಿ ಸೂಚಿಸಬೇಕಾಗಿತ್ತು. ಮೊದಲ ಕಂಬಸಾಲಿನಲ್ಲಿ 7 ಮತ್ತು 9ರ ರಂಧ್ರಗಳಿದ್ದ ಈ ಕಾರ್ಡು ಫೋರ್‌ಟ್ರಾನಿಗೆ ಸೇರಿದ್ದಲ್ಲ. ಯಂತ್ರದ ಮೇಲ್ವಿಚಾರಣಾ ವ್ಯವಸ್ಥೆಗೆ ಸೇರಿದ್ದು. ಚಾಳಿನ ಹೆಸರಿಲ್ಲದೆ ಖೋಲಿಯ ಸಂಖ್ಯೆಯೊಂದನ್ನೇ ಬರೆದ ಕಾಗದದಂತೆ, ಆ ಕಾರ್ಡಿನಿಂದ ಅಗಲಿದ ಕ್ರಮವಿಧಿಯು ವಿಳಾಸಗೆಡುತ್ತಿತ್ತು.

1970ರ ದಶಕದಲ್ಲಿ ಅದೇ ಸಂಸ್ಥೆಗೆ ಡೆಕ್‌ಸಿಸ್ಟಂ-10 ಬಂದಾಗ ಈ ತೊಡಕಿನ ಎರಡು ಮುಖಗಳೂ ವ್ಯಕ್ತವಾಗುವಂತಿದ್ದವು. ಅಲ್ಲಿ ಹೆಸರು ಕೊಡದೆ 1ನೆಯ ಸಂಖ್ಯೆಗೆ ಬರೆದರೆ ತಟ್ಟೆಯ ಮೇಲೆ ‘ಎಫ್‌ಒಆರ್01.ಡಿಎಟಿ’ ಎಂಬ ಕಡತವು ತಾನಾಗಿ ಹುಟ್ಟುತ್ತಿತ್ತು. ಸಂಖ್ಯೆಯನ್ನು ತಿದ್ದುವುದು ಸುಲಭ. ಆದರೆ 3600ರ ಪದಕ್ಕೆ 48 ಬಿಟ್, ಡೆಕ್‌ಸಿಸ್ಟಂ-10ರ ಪದಕ್ಕೆ 36 ಬಿಟ್. ಅಕ್ಷರರೂಪದಲ್ಲಿ ಬರೆದಿಟ್ಟ ಅಂಕಿಗಳು ಈ ಹೊಳೆಯನ್ನು ದಾಟಬಲ್ಲವು. ಯಂತ್ರದ ದ್ವಿಮಾನ ರೂಪದಲ್ಲಿಯೇ ಬರೆದಿಟ್ಟವು ಪರಿವರ್ತನೆಯಿಲ್ಲದೆ ದಾಟಲಾರವು.

1966ರ ಅಮೆರಿಕನ್ ಪ್ರಮಾಣಪತ್ರದಲ್ಲಿ ಕಡತವನ್ನು ತೆರೆಯುವ ಆಜ್ಞೆಯೇ ಇರಲಿಲ್ಲ. 1978ರಲ್ಲಿ ಅಂಗೀಕೃತವಾದ ಫೋರ್‌ಟ್ರಾನ್ 77 ಆ ಕೊರತೆಯನ್ನು ನೀಗಿತು. ಓಪನ್ ಎಂಬ ಆಜ್ಞೆಯಲ್ಲಿ ಕಡತದ ಹೆಸರು, ಅದು ಹಳೆಯದೋ ಹೊಸದೋ, ಅಕ್ಷರರೂಪದ್ದೋ ಅಲ್ಲವೋ, ಸಾಲಾಗಿ ಓದತಕ್ಕದ್ದೋ ಬೇಕಾದ ದಾಖಲೆಗೆ ನೇರವಾಗಿ ಹೋಗತಕ್ಕದ್ದೋ ಎಂಬುದನ್ನೆಲ್ಲ ಹೇಳುವುದು ಸಾಧ್ಯವಾಯಿತು. ತಪ್ಪು ಸಂಭವಿಸಿದರೆ ಐಯೊಸ್ಟಾಟ್ ಎಂಬ ಅಂಗದಿಂದ ಅದನ್ನು ಅರಿಯಬಹುದಾಯಿತು. ನಿಯಂತ್ರಣ ಕಾರ್ಡಿನ ತಿಳಿವಳಿಕೆಯು ಹೀಗೆ ಕ್ರಮವಿಧಿಯ ಒಡಲಿಗೆ ಸೇರಿತು.

ಆದರೂ ಸಮಸ್ಯೆ ಪೂರ್ತಿ ಪರಿಹಾರವಾಯಿತೆನ್ನುವಂತಿಲ್ಲ. ನೇರಪ್ರವೇಶದ ದ್ವಿಮಾನ ಕಡತದಲ್ಲಿ ದಾಖಲೆಯ ಉದ್ದವನ್ನು ಯಾವ ಮಾನದಲ್ಲಿ ಅಳೆಯಬೇಕೆಂಬುದನ್ನು ಪ್ರಮಾಣಪತ್ರವು ಅನುವಾದಕ ತಂತ್ರಾಂಶಕ್ಕೇ ಬಿಟ್ಟಿತು. ಇಂದಿಗೂ ಕೆಲವು ಅದನ್ನು ಬೈಟುಗಳಲ್ಲಿ ಎಣಿಸಿದರೆ, ಕೆಲವು ನಾಲ್ಕು ಬೈಟುಗಳ ಪದಗಳಲ್ಲಿ ಎಣಿಸುತ್ತವೆ. ಹಾಗಾಗಿ ಒಂದೇ ಕ್ರಮವಿಧಿಯಿಂದ ಎರಡು ಬಗೆಯ ಕಡತಗಳು ಹುಟ್ಟಬಲ್ಲವು. ಫೋರ್‌ಟ್ರಾನ್ 2003 ಪ್ರವಾಹರೂಪದ ಕಡತವನ್ನು ಅಂಗೀಕರಿಸಿ, ದಾಖಲೆಗಳ ನಡುವಣ ಗುಪ್ತ ಗುರುತುಗಳ ಕಾಟವನ್ನು ತಪ್ಪಿಸುವ ಹಾದಿ ತೋರಿತು. ಅದೇ ಆವೃತ್ತಿಯು ಕಡತದ ಹೆಸರನ್ನು ಆಜ್ಞಾಸಾಲಿನಿಂದಲೋ ಪರಿಸರದ ಚರಾಂಶದಿಂದಲೋ ಪಡೆಯಲು ಪ್ರಮಾಣಬದ್ಧ ಸಾಧನಗಳನ್ನೂ ಒದಗಿಸಿತು.

ಈ ಅರ್ಧ ಶತಮಾನದ ನಡೆಯನ್ನು ಒಟ್ಟಾಗಿ ನೋಡಿದರೆ ಒಂದು ತತ್ತ್ವ ಹೊರಪಡುತ್ತದೆ. ಕಡತವು ಇರುವ ಸ್ಥಳವು ಊರಿಂದೂರಿಗೆ ಬೇರೆಯಾಗುವುದರಿಂದ ಅದನ್ನು ಹೊರಗಿನಿಂದ ತಿಳಿಸುವುದೇ ಯುಕ್ತ. ಕಡತದ ಸ್ವಭಾವವಾದರೋ ಎಲ್ಲಿ ಹೋದರೂ ಒಂದೇ ಆಗಿರಬೇಕಾದುದರಿಂದ ಅದು ಕ್ರಮವಿಧಿಯ ಒಳಗೇ ಬರೆದಿರತಕ್ಕದ್ದು. ಕಾರ್ಡುಗಳ ಕಾಲದಲ್ಲಿ ಎರಡೂ ಹೊರಗಿದ್ದವು. ಆ ಕಾಲದ ಮುದ್ರಿತ ಹಾಳೆಗಳನ್ನು ಕಾಪಾಡುವವರು ಫೋರ್‌ಟ್ರಾನಿನ ಸಾಲುಗಳೊಡನೆ ನಿಯಂತ್ರಣ ಕಾರ್ಡುಗಳ ಪಟ್ಟಿಯನ್ನೂ ಯಂತ್ರದ ಹೆಸರನ್ನೂ ಉಳಿಸದಿದ್ದರೆ, 60 ಮತ್ತು 61 ಎಂಬ ಅಂಕೆಗಳು ಉಳಿದಾವು, ಅವುಗಳ ಅರ್ಥ ಉಳಿಯಲಾರದು.