‘ಎಂಕ್ವೈರಿ’ಯಿಂದ ‘ಟಾಸ್ಕ್ ಫೋರ್ಸ್’ವರೆಗೆ: ವೈದ್ಯಕೀಯ ಸಂಶೋಧನಾ ಅನುದಾನದ ಪರಿಭಾಷೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1949ರವರೆಗೆ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಆಗಿತ್ತು. ‘ಫಂಡ್’ ಎಂಬುದು ಹೆಸರಿನಲ್ಲೇ ಇತ್ತು. 1911ರ ನವೆಂಬರ್ 15ರಂದು ಅದರ ಆಡಳಿತ ಮಂಡಳಿ ಮೊದಲ ಸಲ ಸೇರಿದ್ದು ಮುಂಬಯಿಯ ಪ್ಲೇಗ್ ಲ್ಯಾಬೊರೇಟರಿಯಲ್ಲಿ. ಆ ಕಾಲದಲ್ಲಿ ಹಣ ಹೊರಟದ್ದು ಬಹುಮಟ್ಟಿಗೆ ‘ಎಂಕ್ವೈರಿ’ ಎಂಬ ತಲೆಬರಹದಡಿ: ಒಂದು ರೋಗ, ಒಬ್ಬ ಅಧಿಕಾರಿ, ಗೊತ್ತಾದ ಅವಧಿ.

ಈ ಪದ್ಧತಿಯ ಬಲಾಬಲಗಳೆರಡೂ ಕೂನೂರಿನ ಬೆರಿಬೆರಿ ಎಂಕ್ವೈರಿಯಲ್ಲಿ ಕಾಣುತ್ತವೆ. ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಅಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಕೋಣೆಯಲ್ಲಿ ಅದನ್ನು ಆರಂಭಿಸಿದರು. 1923ರ ವೆಚ್ಚ ಕಡಿತಕ್ಕೆ ಸಿಕ್ಕಿ ಕೆಲಸ ನಿಂತಿತು. ತಾತ್ಕಾಲಿಕವಾದದ್ದನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸುಲಭ. 1925ರಲ್ಲಿ ‘ಡಿಫಿಷಿಯೆನ್ಸಿ ಡಿಸೀಸ್ ಎಂಕ್ವೈರಿ’ಯಾಗಿ ಮರಳಿ, 1928ರಲ್ಲಿ ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯೇ ಆಯಿತು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದರದೇ ಮುಂದುವರಿಕೆ.

ಹೀಗೆ ಎಂಕ್ವೈರಿಗಳು ಸಂಸ್ಥೆಗಳಾದಂತೆ ಹಣಕ್ಕೆ ಎರಡು ದಾರಿ ಬೇಕಾಯಿತು. ಮಂಡಳಿಯ ಸ್ವಂತ ಸಂಸ್ಥೆಗಳಲ್ಲಿ ನಡೆಯುವುದು ‘ಇಂಟ್ರಾಮ್ಯೂರಲ್’. ಹೊರಗಿನ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಹೋಗುವುದು ‘ಎಕ್ಸ್‌ಟ್ರಾಮ್ಯೂರಲ್’. ಮೊದಲನೆಯದರ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು: 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ರಿಸರ್ಚ್ ಸೆಂಟರ್ ಅದೇ ವರ್ಷ ಮಂಗನ ಕಾಯಿಲೆಯ ವೈರಾಣುವನ್ನು ಬೇರ್ಪಡಿಸಿತು. ಐಸಿಎಂಆರ್ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ 1952ರಲ್ಲಿ ಕೂಡಿ ಕಟ್ಟಿದ್ದ ಕೇಂದ್ರವದು. ಸ್ಥಾಯಿ ತಂಡಕ್ಕೆ ಹಾಕಿದ ಹಣ ಏಕೆ ಬೇಕೆಂಬುದಕ್ಕೆ ಮಂಗನ ಕಾಯಿಲೆಗಿಂತ ಒಳ್ಳೆಯ ಉತ್ತರ ನನಗೆ ಕಾಣದು.

ಎಕ್ಸ್‌ಟ್ರಾಮ್ಯೂರಲ್‌ನೊಳಗೆ ಮತ್ತೆ ಕವಲುಗಳಿವೆ. ಸಂಶೋಧಕರೇ ಪ್ರಶ್ನೆ ಆರಿಸಿಕೊಂಡು ಅರ್ಜಿ ಹಾಕಿದರೆ ಅದಕ್ಕೆ ಬಹುಕಾಲ ಇದ್ದ ಹೆಸರು ‘ಅಡ್‌ಹಾಕ್’ ಯೋಜನೆ. ಹಳೆಯ ಎಂಕ್ವೈರಿಯ ನೇರ ವಾರಸುದಾರ ಇದೇ ಎನ್ನಬಹುದು. ಪ್ರಶ್ನೆಯನ್ನು ಮಂಡಳಿಯೇ ಗೊತ್ತುಮಾಡಿ, ಹಲವು ಕೇಂದ್ರಗಳಲ್ಲಿ ಒಂದೇ ವಿಧಾನದಿಂದ ನಡೆಸಿದರೆ ‘ಟಾಸ್ಕ್ ಫೋರ್ಸ್’. ಪ್ರಶ್ನೆ ಯಾರದು ಎಂಬುದೇ ಇಲ್ಲಿನ ನಿಜವಾದ ಗೆರೆ. ಮೊತ್ತದ ವ್ಯತ್ಯಾಸ ಆಮೇಲಿನದು.

ಈ ಹಣ ಹೊರಗಿನ ಸಂಸ್ಥೆಗಳಿಗೆ ಹೋಗುವ ರೂಪವಾದ ‘ಗ್ರಾಂಟ್-ಇನ್-ಏಡ್’ ಎಂಬ ಪದ ಇವೆಲ್ಲಕ್ಕಿಂತ ಹಳೆಯದು. 1854ರ ವುಡ್‌ನ ಶಿಕ್ಷಣ ಸುತ್ತೋಲೆ ಖಾಸಗಿ ಶಾಲೆಗಳಿಗೆ ಈ ಸಹಾಯಧನವನ್ನು ತಂದಿತು. ನಮ್ಮ ‘ಅನುದಾನಿತ ಶಾಲೆ’ಗಳ ಮೂಲ ಅಲ್ಲಿದೆ. ಹಣ ಪಡೆದ ಶಾಲೆ ಸರ್ಕಾರಿ ತಪಾಸಣೆಗೆ ಒಪ್ಪಬೇಕಿತ್ತು. ಸಂಶೋಧನೆಯಲ್ಲಿ ಇನ್‌ಸ್ಪೆಕ್ಟರನ ಜಾಗದಲ್ಲಿ ‘ಯುಟಿಲೈಸೇಷನ್ ಸರ್ಟಿಫಿಕೇಟ್’, ಅಂದರೆ ಹಣಬಳಕೆ ಪ್ರಮಾಣಪತ್ರ ಕೂತಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಅದನ್ನು ಒಪ್ಪಿಸಬೇಕು. ಅನುದಾನದಲ್ಲಿ ಕೊಂಡ ಉಪಕರಣವನ್ನು ಯೋಜನೆ ಮುಗಿದ ಮೇಲೂ ಮಂಜೂರು ಮಾಡಿದವರ ಒಪ್ಪಿಗೆಯಿಲ್ಲದೆ ವಿಲೇವಾರಿ ಮಾಡುವಂತಿಲ್ಲ.