ನಕ್ಷತ್ರದಿಂದ ಗಡಿಯಾರಕ್ಕೆ: ಒಮಾನಿನ ನೀರಿನ ಸರದಿ

ಒಮಾನಿನಲ್ಲಿ ಖರ್ಜೂರದ ತೋಟಗಳಿಗೆ ನೀರುಣಿಸುವ ಕಾಲುವೆಗೆ ಫಲಜ್ ಎಂದು ಹೆಸರು, ಬಹುವಚನದಲ್ಲಿ ಅಫ್ಲಾಜ್. ಅಂತರ್ಜಲವನ್ನೋ ಊಟೆಯ ನೀರನ್ನೋ ಹಳ್ಳದ ಹರಿವನ್ನೋ ಅದು ಇಳಿಜಾರಿನ ಬಲದಿಂದಲೇ ಊರಿಗೆ ತರುತ್ತದೆ. ನೆಲದಡಿಯ ಸುರಂಗದಲ್ಲಿ ಹರಿದುಬರುವ ದಾವೂದಿ ಬಗೆಯ ಫಲಜ್ ಬೀದರಿನ ಕರೇಜ್‌ನ ಬಂಧು. ಇಂದಿಗೂ 3,000ಕ್ಕೂ ಹೆಚ್ಚು ಅಫ್ಲಾಜ್ ಬಳಕೆಯಲ್ಲಿವೆ. ನಿಜ್ವಾದ ಫಲಜ್ ದಾರಿಸ್ ಸೇರಿದಂತೆ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುಡಿಯುವ ನೀರು ಎಲ್ಲರಿಗೂ ಮುಕ್ತ. ತೋಟದ ನೀರಿಗೆ ಸರದಿ ಉಂಟು, ಅದರ ಅಳತೆ ಹೊತ್ತಿನದು. ಸುಮಾರು ಅರ್ಧ ಗಂಟೆಯ ಪಾಲು ಒಂದು ಅಥರ್. 24 ಅಥರ್ ಸೇರಿದರೆ ಒಂದು ಬಾದ್ದ. ಪಾಲನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು, ಮಸೀದಿಗೆ ದತ್ತಿ ಕೊಡಬಹುದು. ಕೆಲವು ಪಾಲುಗಳನ್ನು ಹರಾಜು ಹಾಕಿ, ಬಂದ ಹಣದಲ್ಲಿ ಕಾಲುವೆಯ ಹೂಳೆತ್ತುತ್ತಾರೆ. ಯಾರ ಪಾಲು ಎಷ್ಟೆಂಬುದು ನುಸ್ಖಾ ಎಂಬ ಪುಸ್ತಕದಲ್ಲಿರುತ್ತದೆ.

ಪಾಲು ಪುಸ್ತಕದಲ್ಲಿದ್ದರೂ ಹೊತ್ತು ಇದ್ದದ್ದು ಅರೀಫನ ತಲೆಯಲ್ಲಿ. ಕರ್ನಾಟಕದ ಕೆರೆಯೂರುಗಳ ನೀರುಗಂಟಿಯಂತೆ ಸರದಿ ನಡೆಸುವವನು ಅವನೇ. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ಗುಡ್ಡದ ನೆತ್ತಿಯಲ್ಲಿ ಮೂಡುವ ನಕ್ಷತ್ರ ನೋಡಿ ನೀರು ತಿರುಗಿಸುತ್ತಿದ್ದರು. ನಕ್ಷತ್ರವು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಮೂಡುವುದರಿಂದ, ತಿಂಗಳು ಕಳೆದರೆ ಎರಡು ಗಂಟೆಯ ವ್ಯತ್ಯಾಸ. ಹಾಗಾಗಿ ಇಡೀ ವರ್ಷದ ಆಕಾಶ ಬಾಯಿಪಾಠವಾಗಿರಬೇಕಿತ್ತು. ನಕ್ಷತ್ರಗಳ ಹೆಸರು ಊರಿಂದೂರಿಗೆ ಬೇರೆ. ಒಂದೂರಿನ ವಿದ್ಯೆ ಮತ್ತೊಂದೂರಿಗೆ ಹಾಗೇ ಒಗ್ಗುತ್ತಿರಲಿಲ್ಲ. ಎರಡು ನಕ್ಷತ್ರಗಳ ನಡುವಿನ ಅಂತರವೂ ಒಂದೇ ಸಮನಲ್ಲ. ಒಬ್ಬನ ಪಾಲು ತುಸು ಹಿಗ್ಗಿದರೆ ಇನ್ನೊಬ್ಬನದು ಕುಗ್ಗುತ್ತಿತ್ತು. ಪಾಲುದಾರರೂ ಅದೇ ಆಕಾಶವನ್ನು ನೋಡುತ್ತಿದ್ದುದು ಅರೀಫನ ಮಾತಿಗೆ ಇದ್ದ ಪರೀಕ್ಷೆ.

1970ರ ನಂತರ ರಸ್ತೆ, ವಿದ್ಯುತ್ತು, ಕೈಗಡಿಯಾರ ಹಳ್ಳಿಗಳಿಗೆ ಹರಡಿದವು. ದೀಪದ ಬೆಳಕಿನಲ್ಲಿ ನಕ್ಷತ್ರ ಮಸುಕಾಯಿತು. ಹೆಚ್ಚಿನ ಊರುಗಳು ಗಡಿಯಾರಕ್ಕೆ ಹೊರಳಿದವು. ಅಲ್ಲಿ ಅಥರ್ ಈಗ ಎಲ್ಲರಿಗೂ ಸರಿಯಾಗಿ ಮೂವತ್ತು ನಿಮಿಷ, ಯಾರು ಬೇಕಾದರೂ ತಾಳೆ ನೋಡಬಹುದು. ಒಬ್ಬನ ನೆನಪನ್ನು ನಂಬಬೇಕಾದ ಹಂಗು ತಪ್ಪಿತು. ತಲೆಮಾರುಗಳು ಕಲಿತ ಆಕಾಶವೂ ಅದರೊಂದಿಗೇ ಮರೆಯಾಯಿತು.

ಯಂತ್ರಕ್ಕೆ ಹೋದದ್ದು ಎಣಿಕೆ ಮಾತ್ರ. ಬರಗಾಲದಲ್ಲಿ ಕುಗ್ಗಿದ ನೀರನ್ನು ಹೇಗೆ ಹಂಚಬೇಕು, ಸರದಿ ತಪ್ಪಿದವನಿಗೆ ಏನು ಪರಿಹಾರ, ಯಾವ ಪಾಲನ್ನು ಹರಾಜಿಗಿಡಬೇಕು ಎಂಬ ತೀರ್ಮಾನಗಳು ಅರೀಫ, ವಕೀಲ ಎನಿಸಿಕೊಳ್ಳುವ ಫಲಜ್‌ನ ಮೇಲ್ವಿಚಾರಕ ಮತ್ತು ಪಾಲುದಾರರಲ್ಲೇ ಉಳಿದಿವೆ. ತಪ್ಪಿದರೆ ಉತ್ತರ ಹೇಳಬೇಕಾದವರೂ ಅವರೇ.