ರೇಷ್ಮೆ ಉದ್ಯಮದ ಮಕ್ಕಳ ಜೀತ: ರಾಮನಗರ ಸೀಮೆ

ಕರ್ನಾಟಕದ ರಾಮನಗರ, ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಯ ರೇಷ್ಮೆ ಉದ್ಯಮದಲ್ಲಿ ಬಡ ಮಕ್ಕಳನ್ನು ಸಾಲಕ್ಕೆ ಒತ್ತೆಯಿಟ್ಟು ದುಡಿಸಿಕೊಂಡ ಪದ್ಧತಿ. ಬಹಿರಂಗವಾಗಿ ನಡೆದ ಅನ್ಯಾಯದಲ್ಲಿ ಸಾಮಾನ್ಯ ಜನರ ಪಾಲೆಷ್ಟು ಎಂಬ ಪ್ರಶ್ನೆಗೆ ಇದೊಂದು ನಿದರ್ಶನ.

ಪದ್ಧತಿ: ಮದುವೆ, ಕಾಯಿಲೆ, ಹಳೆಸಾಲದ ಕಾರಣಕ್ಕೆ ಹೆತ್ತವರು ರೇಷ್ಮೆ ಘಟಕಗಳ ಮಾಲೀಕರಿಂದ ‘ಅಡ್ವಾನ್ಸ್’ ಪಡೆಯುತ್ತಿದ್ದರು, ಅದು ತೀರುವವರೆಗೆ ಮಗು ಬೇರೆಡೆ ಹೋಗುವಂತಿರಲಿಲ್ಲ. ನೂಲು ಬಿಚ್ಚುವ ಘಟಕಗಳಲ್ಲಿ ಮಕ್ಕಳು ಬಿಸಿನೀರಿಗೆ ಕೈಯದ್ದಿ ಬೆಂದ ಗೂಡಿನ ಎಳೆಯ ತುದಿ ಹುಡುಕುತ್ತಿದ್ದರು. ಬೆರಳ ಚರ್ಮ ಬಿರಿದು ಹುಣ್ಣಾಗುತ್ತಿತ್ತು. ಹುರಿ ಮಾಡುವ ಕಾರ್ಖಾನೆಗಳಲ್ಲಿ ಯಂತ್ರಗಳ ಸದ್ದಿನ ನಡುವೆ ದಿನವಿಡೀ ನಿಂತು ಕಡಿದ ಎಳೆ ಗಂಟುಹಾಕುತ್ತಿದ್ದರು.

ಕಾನೂನು: ಜೀತ ಪದ್ಧತಿ (ರದ್ದತಿ) ಕಾಯ್ದೆ 1976ರಲ್ಲೂ, ಬಾಲಕಾರ್ಮಿಕ ಕಾಯ್ದೆ 1986ರಲ್ಲೂ ಬಂದವು. ಆದರೂ ಹ್ಯೂಮನ್ ರೈಟ್ಸ್ ವಾಚ್‌ನ 2003ರ ವರದಿ ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಜೀತದ ಮಕ್ಕಳಿರುವುದನ್ನು ದಾಖಲಿಸಿತು. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು, ಕುಟುಂಬದ ಕಸುಬಿನಂಥ ಕೆಲವು ವಿನಾಯಿತಿ ಬಿಟ್ಟು, ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು.

ನೈತಿಕ ಹೊಣೆ: ನಾಜಿ ಆಳ್ವಿಕೆಯ ಬಳಿಕ ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ಅಪರಾಧ, ರಾಜಕೀಯ, ನೈತಿಕ, ಅತಿಭೌತಿಕ (ಮೆಟಾಫಿಸಿಕಲ್) ಎಂದು ತಪ್ಪಿನ ನಾಲ್ಕು ಬಗೆ ಗುರುತಿಸಿದರು. ನರಮೇಧಕ್ಕೂ ಜೀತಕ್ಕೂ ಹೋಲಿಕೆ ಸಲ್ಲದು. ಆದರೆ ಈ ವಿಂಗಡಣೆ ಇಲ್ಲಿಯೂ ಉಪಯುಕ್ತ. ಮಾಲೀಕ ಕಾನೂನಿನ ಮುಂದೆ ಅಪರಾಧಿ. ಕಂಡೂ ಸುಮ್ಮನಿದ್ದ ನೆರೆಯವರು, ಕೇಳದೆ ನೂಲು ಕೊಂಡ ವ್ಯಾಪಾರಿ, ಸೀರೆ ಉಟ್ಟವರು ಯಾವ ಕಲಮಿಗೂ ಸಿಗರು. ಅವರ ಪಾಲು ನೈತಿಕವಾದದ್ದು, ತಿಳಿವಳಿಕೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುವಂಥದ್ದು. ಬೇರೆ ದಾರಿಯಿಲ್ಲದೆ ಸಾಲ ಪಡೆದ ಹೆತ್ತವರನ್ನು ಅದೇ ಸಾಲಿಗೆ ಸೇರಿಸಲಾಗದು.